ಕೀಟನಾಶಕದ ಗುರುತು ಹೇಳುವ ಕಿಣ್ವ: ಕಡಲಕ್ಕಿಗಳು ಕಲಿಸಿದ ಪಾಠ

ಬೆಳೆಗೆ ಹೊಡೆದ ಔಷಧ ಬೆಳೆಯ ಮೇಲೆಯೇ ನಿಲ್ಲುವುದಿಲ್ಲವೆಂಬುದು ರೈತರಿಗೆ ತಿಳಿಯದ ವಿಷಯವೇನಲ್ಲ. ಗಾಳಿ ಬೀಸಿದರೆ ಅದು ಪಕ್ಕದ ಹೊಲಕ್ಕೆ ಹೋಗುತ್ತದೆ. ಮಳೆ ಬಂದರೆ ಹಳ್ಳಕ್ಕೆ ಸೇರುತ್ತದೆ. ವಿಷ ತಾಗಿದ ಹುಳುವಿನೊಂದಿಗೆ, ಆ ಹುಳುವನ್ನು ಹೆಕ್ಕಿ ತಿಂದ ಹಕ್ಕಿಯ ಹೊಟ್ಟೆಗೂ ಇಳಿಯುತ್ತದೆ. ಆದರೆ ಹೀಗೆ ಹೋದ ಔಷಧ ಎಷ್ಟು ದೂರ ಹೋಯಿತು, ಯಾವ ಜೀವಿಯ ಮೈಯನ್ನು ಎಷ್ಟರ ಮಟ್ಟಿಗೆ ಸೇರಿತು ಎಂಬುದನ್ನು ತಿಳಿಯುವುದು ಸುಲಭವಲ್ಲ. ಏಕೆಂದರೆ ಅನೇಕ ಕೀಟನಾಶಕಗಳು ಕೆಲವೇ ದಿನಗಳಲ್ಲಿ ಒಡೆದು ಕಾಣದಂತಾಗುತ್ತವೆ.

ಔಷಧ ಕಾಣದಂತಾದರೂ ಅದು ಮಾಡಿದ ಕೆಲಸದ ಗುರುತು ಜೀವಿಯ ಮೈಯಲ್ಲಿ ಕೆಲಕಾಲ ಉಳಿದಿರುತ್ತದೆ. ಆ ಗುರುತು ಉಳಿಯುವುದು ಕೋಲಿನೆಸ್ಟರೇಸ್ ಎಂಬ ಒಂದು ಕಿಣ್ವದಲ್ಲಿ. ಸಮುದ್ರತೀರದಲ್ಲಿ ಗೂಡು ಕಟ್ಟುವ ಹಕ್ಕಿಗಳಲ್ಲಿ ಈ ಕಿಣ್ವವನ್ನು ಅಳೆದು, ದೂರದ ಹೊಲದಲ್ಲಿ ಸಿಂಪಡಿಸಿದ ಔಷಧದ ಪರಿಣಾಮವನ್ನು ವಿಜ್ಞಾನಿಗಳು ಕಂಡುಹಿಡಿದಿದ್ದಾರೆ. ಅದೇ ಬಗೆಯ ಕಿಣ್ವವು ಸಿಂಪರಣೆ ಮಾಡುವ ರೈತನ ನರಗಳಲ್ಲಿಯೂ ರಕ್ತದಲ್ಲಿಯೂ ಇರುವುದರಿಂದ, ಹಕ್ಕಿಗಳಿಂದ ಕಲಿತ ಈ ಪಾಠ ರೈತನಿಗೂ ನೇರವಾಗಿ ಸಂಬಂಧಿಸಿದ್ದು.

ಹತ್ತಿ ಹೊಲ ಮತ್ತು ಕಡಲಕ್ಕಿಗಳ ದ್ವೀಪ

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಮೆಕ್ಸಿಕೋ ಕೊಲ್ಲಿಯ ದಂಡೆಯ ಮೇಲೆ ಕಾರ್ಪಸ್ ಕ್ರಿಸ್ಟಿ ಎಂಬ ಪಟ್ಟಣವಿದೆ. ಅದರ ಸಮೀಪದ ಒಂದು ದ್ವೀಪದಲ್ಲಿ ‘ನಗುವ ಗಲ್’ ಎಂಬ ಕಪ್ಪು ತಲೆಯ ಕಡಲಕ್ಕಿಗಳು ಗುಂಪಾಗಿ ಗೂಡು ಕಟ್ಟುತ್ತವೆ. ಇವುಗಳ ಕೂಗು ಮನುಷ್ಯರು ನಕ್ಕಂತೆ ಕೇಳುವುದರಿಂದ ಈ ಹೆಸರು ಬಂದಿದೆ. ಇಲ್ಲಿ ನಡೆದ ಒಂದು ಘಟನೆಯ ವಿವರಗಳು 1979ರಲ್ಲಿ ಪ್ರಕಟವಾದವು. ಗೂಡು ಕಟ್ಟಿದ್ದ ಕಾಲದಲ್ಲಿ ನೂರಕ್ಕೂ ಹೆಚ್ಚು ದೊಡ್ಡ ಹಕ್ಕಿಗಳು ಸತ್ತುಬಿದ್ದಿದ್ದವು. ಮರಿಗಳಲ್ಲಿ ಸುಮಾರು ಕಾಲುಭಾಗ ಸತ್ತಿದ್ದವು.

ದ್ವೀಪದ ಮೇಲೆ ಯಾರೂ ಔಷಧ ಹೊಡೆದಿರಲಿಲ್ಲ. ಆದರೆ ಅಲ್ಲಿಂದ ಸುಮಾರು 3 ಮೈಲಿ, ಅಂದರೆ 5 ಕಿಲೋಮೀಟರು ದೂರದಲ್ಲಿದ್ದ ಹತ್ತಿ ಹೊಲಗಳಿಗೆ ಪ್ಯಾರಾಥಿಯಾನ್ ಸಿಂಪಡಿಸಲಾಗಿತ್ತು. ಹೊಲದಲ್ಲಿ ಔಷಧ ಹೊಡೆದಾಗ ಹುಳುಗಳು ಒಮ್ಮೆಗೇ ಸಾಯುವುದಿಲ್ಲ. ಹಾರಲಾರದೆ, ಅಡಗಲಾರದೆ ನೆಲದ ಮೇಲೆ ಒದ್ದಾಡುತ್ತವೆ. ಹಕ್ಕಿಗೆ ಇದು ಶ್ರಮವಿಲ್ಲದೆ ಸಿಗುವ ಊಟ. ಕಡಲಕ್ಕಿಗಳು ಅಲ್ಲಿಗೆ ಹೋಗಿ ಹುಳುಗಳನ್ನು ತಿಂದು, ಮರಿಗಳಿಗೂ ತಂದು ಉಣಿಸಿದ್ದವು. ಸತ್ತ ಹಕ್ಕಿಗಳ ಹೊಟ್ಟೆಯಲ್ಲಿ ಪ್ಯಾರಾಥಿಯಾನ್ ಸಿಕ್ಕಿತು. ಮೆದುಳಿನಲ್ಲಿ ಕೋಲಿನೆಸ್ಟರೇಸ್ ಕಿಣ್ವದ ಚಟುವಟಿಕೆ ತೀರ ಕುಗ್ಗಿತ್ತು. ಈ ಎರಡನ್ನೂ ಸೇರಿಸಿ ನೋಡಿದಾಗ ಸಾವಿಗೆ ಕಾರಣ ಸ್ಪಷ್ಟವಾಯಿತು. ಹೀಗೆ ವಿಷ ತಿಂದ ಜೀವಿಯನ್ನು ತಿಂದು ಇನ್ನೊಂದು ಜೀವಿಗೆ ವಿಷವೇರುವುದಕ್ಕೆ ‘ದ್ವಿತೀಯಕ ವಿಷಬಾಧೆ’ ಎನ್ನುತ್ತಾರೆ.

ಕಿಣ್ವ ಮಾಡುವ ಕೆಲಸ

ದೇಹದಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳನ್ನು ತ್ವರಿತಗೊಳಿಸುವ ಪದಾರ್ಥಗಳಿಗೆ ಕಿಣ್ವಗಳೆಂದು ಹೆಸರು. ಅನ್ನವನ್ನು ಹೆಚ್ಚು ಹೊತ್ತು ಅಗಿದರೆ ಬಾಯಿ ಸಿಹಿಯಾಗುವುದು ಜೊಲ್ಲಿನಲ್ಲಿರುವ ಒಂದು ಕಿಣ್ವದಿಂದ. ಕೋಲಿನೆಸ್ಟರೇಸ್ ಕೂಡ ಅಂಥದೇ ಒಂದು. ಆದರೆ ಅದರ ಮುಖ್ಯ ಕೆಲಸ ನರಗಳಲ್ಲಿ.

ಒಂದು ನರವು ಇನ್ನೊಂದು ನರಕ್ಕೆ ಅಥವಾ ಸ್ನಾಯುವಿಗೆ ಸಂದೇಶ ಕಳುಹಿಸುವಾಗ ಅವುಗಳ ನಡುವಿನ ಕಿರಿದಾದ ಸಂದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ಪದಾರ್ಥವನ್ನು ಬಿಡುತ್ತದೆ. ನರಗಳ ಸಂದೇಶವು ಹೀಗೆ ರಾಸಾಯನಿಕ ಪದಾರ್ಥದ ಮೂಲಕ ಸಾಗುತ್ತದೆಂಬುದನ್ನು ಆಟೋ ಲೋವಿ ಎಂಬ ವಿಜ್ಞಾನಿ 1921ರಲ್ಲಿ ಕಪ್ಪೆಯ ಹೃದಯದ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಅವರಿಗೂ ಹೆನ್ರಿ ಡೇಲ್ ಅವರಿಗೂ 1936ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇದನ್ನು ಕೆರೆಯ ತೂಬಿಗೆ ಹೋಲಿಸಬಹುದು. ತೂಬು ಎತ್ತಿದಾಗ ಗದ್ದೆಗೆ ನೀರು ಹರಿಯುತ್ತದೆ. ಬೇಕಾದಷ್ಟು ಹರಿದ ಮೇಲೆ ನೀರುಗಂಟಿಯು ತೂಬನ್ನು ಮುಚ್ಚಬೇಕು. ಅಸಿಟೈಲ್‌ಕೋಲಿನ್ ತೂಬನ್ನು ತೆರೆಯುತ್ತದೆ. ಕೋಲಿನೆಸ್ಟರೇಸ್ ಕಿಣ್ವವು ಅದನ್ನು ಒಡೆದುಹಾಕಿ ತೂಬನ್ನು ಮುಚ್ಚುತ್ತದೆ. ಸೆಕೆಂಡಿನ ಅತಿ ಸಣ್ಣ ಭಾಗದಲ್ಲಿ ಈ ಕೆಲಸ ಮುಗಿಯುತ್ತದೆ. ಆದ್ದರಿಂದಲೇ ಸ್ನಾಯು ಒಮ್ಮೆ ಬಿಗಿದು ಮತ್ತೆ ಸಡಿಲವಾಗುತ್ತದೆ.

ಆರ್ಗನೋಫಾಸ್ಫರಸ್ ಮತ್ತು ಕಾರ್ಬಮೇಟ್ ಗುಂಪಿನ ಕೀಟನಾಶಕಗಳು ಈ ನೀರುಗಂಟಿಯ ಕೈಕಟ್ಟುತ್ತವೆ. ತೂಬು ಮುಚ್ಚುವವರಿಲ್ಲದೆ ನರಗಳ ಸಂದೇಶ ನಿಲ್ಲದೆ ಹರಿಯುತ್ತದೆ. ಹುಳು ನಡುಗಿ ಸಾಯುವುದು ಹೀಗೆಯೇ. ಹಕ್ಕಿಯಾದರೆ ರೆಕ್ಕೆ ಜೋಲುಬಿಟ್ಟು, ಬಾಯಲ್ಲಿ ಜೊಲ್ಲು ಸುರಿಸಿ, ನಿಲ್ಲಲಾರದೆ ನಡುಗಿ, ಕೊನೆಗೆ ಉಸಿರಾಟ ನಿಂತು ಸಾಯುತ್ತದೆ. ಹುಳು, ಹಕ್ಕಿ, ದನ, ಮನುಷ್ಯ ಇವೆಲ್ಲವುಗಳ ನರಗಳಲ್ಲಿಯೂ ಈ ವ್ಯವಸ್ಥೆ ಒಂದೇ ಬಗೆಯದು. ಪ್ರಾಣಿಯಿಂದ ಪ್ರಾಣಿಗೆ ವ್ಯತ್ಯಾಸವಾಗುವುದು ಎಷ್ಟು ಪ್ರಮಾಣದ ವಿಷದಿಂದ ಅಪಾಯ ಎಂಬುದು ಮಾತ್ರ.

ಎರಡು ಗುಂಪುಗಳ ನಡುವೆ ಒಂದು ಭೇದವಿದೆ. ಕಾರ್ಬಮೇಟ್ ಹಾಕುವ ಗಂಟು ಸಡಿಲವಾದದ್ದು. ಬದುಕಿದ ಜೀವಿಯಲ್ಲಿ ಕೆಲವು ಗಂಟೆಗಳಲ್ಲಿ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಆರ್ಗನೋಫಾಸ್ಫರಸ್ ಹಾಕುವ ಗಂಟು ಬಿಗಿಯಾದದ್ದು. ಕಾಲ ಕಳೆದಂತೆ ಇನ್ನಷ್ಟು ಬಿಗಿಯುತ್ತದೆ. ಕೊನೆಗೆ ಹೊಸ ಕಿಣ್ವ ತಯಾರಾಗುವವರೆಗೆ ದೇಹವು ಕಾಯಬೇಕಾಗುತ್ತದೆ. ಹಕ್ಕಿಯ ಮೆದುಳಿನಲ್ಲಿ ಇದಕ್ಕೆ ಕೆಲವು ವಾರಗಳೇ ಬೇಕಾಗಬಹುದು.

ಪ್ಯಾರಾಥಿಯಾನ್, ಮಿಥೈಲ್ ಪ್ಯಾರಾಥಿಯಾನ್, ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಪ್ರೊಫೆನೋಫಾಸ್, ಡೈಮಿಥೋಯೇಟ್, ಮೆಲಾಥಿಯಾನ್, ಫೋರೇಟ್ ಮೊದಲಾದವು ಆರ್ಗನೋಫಾಸ್ಫರಸ್ ಗುಂಪಿಗೆ ಸೇರಿವೆ. ಕಾರ್ಬಾರಿಲ್, ಕಾರ್ಬೋಫ್ಯೂರಾನ್, ಮೆಥೊಮಿಲ್ ಇವು ಕಾರ್ಬಮೇಟ್ ಗುಂಪಿನವು.

ಔಷಧದ ಶೇಷಕ್ಕೆ ಬದಲಾಗಿ ಕಿಣ್ವವನ್ನು ಅಳೆಯುವುದೇಕೆ?

ಡಿ.ಡಿ.ಟಿ.ಯಂತಹ ಹಳೆಯ ಕ್ಲೋರಿನ್‌ಯುಕ್ತ ಕೀಟನಾಶಕಗಳು ಪ್ರಾಣಿಗಳ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಅವುಗಳ ಹಾನಿ ಸಮುದ್ರದ ಹಕ್ಕಿಗಳಲ್ಲಿಯೂ ಎದ್ದು ಕಂಡಿತು. ಕ್ಯಾಲಿಫೋರ್ನಿಯಾದ ಅನಕಾಪಾ ದ್ವೀಪದಲ್ಲಿ 1970ರಲ್ಲಿ ಕಂದು ಹೆಜ್ಜಾರ್ಲೆಗಳು 552 ಬಾರಿ ಗೂಡು ಮಾಡಿ ಪಡೆದದ್ದು ಒಂದೇ ಒಂದು ಮರಿ. ಡಿ.ಡಿ.ಟಿ.ಯಿಂದ ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವಿಗೆ ಕುಳಿತ ಹಕ್ಕಿಯ ಭಾರಕ್ಕೇ ಮೊಟ್ಟೆಗಳು ಒಡೆದುಹೋಗುತ್ತಿದ್ದವು. ಇಂತಹ ಔಷಧ ಹಕ್ಕಿಯ ಕೊಬ್ಬಿನಲ್ಲಿಯೂ ಮೊಟ್ಟೆಯಲ್ಲಿಯೂ ಉಳಿಯುವುದರಿಂದ ಅದನ್ನು ನೇರವಾಗಿ ಹುಡುಕಿ ಅಳೆಯಬಹುದು. ಅಮೆರಿಕದಲ್ಲಿ 1972ರಲ್ಲಿ ಡಿ.ಡಿ.ಟಿ. ಬಳಕೆ ನಿಂತಿತು, ಭಾರತದಲ್ಲಿ ಬೇಸಾಯಕ್ಕೆ ಅದರ ಬಳಕೆಯನ್ನು 1989ರಲ್ಲಿ ನಿಲ್ಲಿಸಲಾಯಿತು.

ಅವುಗಳ ಸ್ಥಾನಕ್ಕೆ ಬಂದ ಆರ್ಗನೋಫಾಸ್ಫರಸ್ ಮತ್ತು ಕಾರ್ಬಮೇಟ್‌ಗಳ ರೀತಿ ಬೇರೆ. ಇವು ಮಣ್ಣಿನಲ್ಲಿಯೂ ಮೈಯಲ್ಲಿಯೂ ಬೇಗ ಒಡೆಯುತ್ತವೆ. ಇದು ಒಂದು ದೃಷ್ಟಿಯಿಂದ ಒಳ್ಳೆಯದು. ಆದರೆ ಇವುಗಳಲ್ಲಿ ಹಲವು ಡಿ.ಡಿ.ಟಿ.ಗಿಂತ ಬಹಳ ಪಾಲು ತೀಕ್ಷ್ಣವಾದ ವಿಷಗಳು. ಹಕ್ಕಿ ಸತ್ತು ಬಿದ್ದಾಗ ಅದರ ಮಾಂಸದಲ್ಲಿ ಔಷಧದ ಶೇಷವನ್ನು ಹುಡುಕಿದರೆ ಏನೂ ಸಿಗದೆ ಇರಬಹುದು. ಶೇಷ ಸಿಗಲಿಲ್ಲವೆಂದು ವಿಷ ತಾಗಿಯೇ ಇಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಕಿಣ್ವವನ್ನು ಅಳೆದರೆ ಈ ತಪ್ಪು ತಪ್ಪುತ್ತದೆ. ಕಿಣ್ವದ ಪರೀಕ್ಷೆಯಲ್ಲಿ ಇನ್ನೊಂದು ಅನುಕೂಲವೂ ಉಂಟು. ಯಾವ ಹೆಸರಿನ ಔಷಧವೆಂದು ಮೊದಲೇ ಗೊತ್ತಿರಬೇಕಾಗಿಲ್ಲ. ಎರಡು ಮೂರು ಔಷಧಗಳನ್ನು ಬೆರೆಸಿ ಹೊಡೆದಿದ್ದರೂ ಈ ಗುಂಪಿನ ಎಲ್ಲವುಗಳ ಒಟ್ಟು ಪರಿಣಾಮ ಒಂದೇ ಅಳತೆಯಲ್ಲಿ ತಿಳಿಯುತ್ತದೆ.

ಕಡಲಕ್ಕಿಗಳನ್ನೇ ಆರಿಸಿಕೊಳ್ಳುವುದೇಕೆ?

ಗುಂಪಾಗಿ ಗೂಡು ಕಟ್ಟುವ ಕಡಲಕ್ಕಿಗಳು ಇಂತಹ ಪರೀಕ್ಷೆಗೆ ಅನುಕೂಲವಾಗಿರಲು ಮೂರು ಕಾರಣಗಳಿವೆ. ಮೊದಲನೆಯದಾಗಿ, ಇವು ವರ್ಷವರ್ಷವೂ ಅದೇ ಜಾಗಕ್ಕೆ ಬಂದು ಸಾವಿರಾರು ಸಂಖ್ಯೆಯಲ್ಲಿ ಗೂಡು ಮಾಡುತ್ತವೆ. ಆದ್ದರಿಂದ ಆರೋಗ್ಯವಂತ ಹಕ್ಕಿಯ ಸಾಮಾನ್ಯ ಅಳತೆ ಎಷ್ಟೆಂದು ನಿಶ್ಚಯಿಸಲು ಸಾಧ್ಯ. ಎರಡನೆಯದಾಗಿ, ಒಂದು ಗೂಡಿನ ಹಕ್ಕಿ ಅನೇಕ ಮೈಲಿಗಳಷ್ಟು ಪ್ರದೇಶದಿಂದ ಆಹಾರ ತರುತ್ತದೆ. ಹೊಲ, ಅಳಿವೆ, ತೀರದ ನೀರು ಇವೆಲ್ಲದರ ಸ್ಥಿತಿಯೂ ಅದರ ಮೈಯಲ್ಲಿ ಮೂಡುತ್ತದೆ. ಮೂರನೆಯದಾಗಿ, ಮರಿಯು ಗೂಡು ಬಿಟ್ಟು ದೂರ ಹೋಗದು. ತಂದೆತಾಯಿ ತಂದದ್ದನ್ನೇ ತಿನ್ನುವ ಅದರ ಕಿಣ್ವವು ಆ ಕೆಲವು ದಿನಗಳ ಆಹಾರದ ಲೆಕ್ಕವನ್ನು ಒಪ್ಪಿಸುತ್ತದೆ.

ಅಳೆಯುವ ವಿಧಾನ

ಈಗ ಎಲ್ಲೆಡೆ ಬಳಕೆಯಲ್ಲಿರುವ ವಿಧಾನವನ್ನು ಎಲ್ಮನ್ ಮತ್ತು ಅವರ ಸಹೋದ್ಯೋಗಿಗಳು 1961ರಲ್ಲಿ ಪ್ರಕಟಿಸಿದರು. ಸತ್ತ ಹಕ್ಕಿಯ ಮೆದುಳನ್ನು ತಣ್ಣಗಿನ ದ್ರಾವಣದಲ್ಲಿ ನುಣ್ಣಗೆ ಅರೆಯಲಾಗುತ್ತದೆ. ಅದಕ್ಕೆ ಅಸಿಟೈಲ್‌ಕೋಲಿನ್ ಅನ್ನು ಹೋಲುವ ಗಂಧಕಯುಕ್ತ ಪದಾರ್ಥವೊಂದನ್ನು ಸೇರಿಸುತ್ತಾರೆ. ಕಿಣ್ವ ಚುರುಕಾಗಿದ್ದರೆ ಆ ಪದಾರ್ಥವನ್ನು ಒಡೆಯುತ್ತದೆ. ಒಡೆದ ಚೂರು ಇನ್ನೊಂದು ರಾಸಾಯನಿಕದೊಡನೆ ಸೇರಿ ಹಳದಿ ಬಣ್ಣವಾಗುತ್ತದೆ. ಹಳದಿ ಎಷ್ಟು ಬೇಗ ಏರುತ್ತದೆ ಎಂಬುದನ್ನು ಬಣ್ಣಮಾಪಕ ಯಂತ್ರ ಅಳೆಯುತ್ತದೆ. ಬೇಗ ಹಳದಿಯಾದರೆ ಕಿಣ್ವ ಚೆನ್ನಾಗಿದೆ, ನಿಧಾನವಾದರೆ ಕುಗ್ಗಿದೆ.

ದೊರೆತ ಅಳತೆಯನ್ನು ವಿಷ ತಾಗದ, ಅದೇ ಜಾತಿಯ, ಅದೇ ವಯಸ್ಸಿನ ಹಕ್ಕಿಗಳ ಅಳತೆಯೊಡನೆ ಹೋಲಿಸಬೇಕು. ಉದಾಹರಣೆಗೆ, ಲೆಕ್ಕದ ಕ್ರಮ ತಿಳಿಯುವುದಕ್ಕಾಗಿ, ಆರೋಗ್ಯವಂತ ಹಕ್ಕಿಗಳ ಸರಾಸರಿ 20 ಅಂಶ ಮತ್ತು ಸತ್ತ ಹಕ್ಕಿಯದು 8 ಅಂಶ ಎಂದಿಟ್ಟುಕೊಳ್ಳೋಣ. ವ್ಯತ್ಯಾಸ 12 ಅಂಶ. ಅಂದರೆ ಕಿಣ್ವ ಶೇ. 60ರಷ್ಟು ಕುಗ್ಗಿದೆ.

ಈ ಅಂಕಿಗಳನ್ನು ಹೇಗೆ ಅರ್ಥಮಾಡಿಕೊಳ್ಳಬೇಕೆಂಬುದಕ್ಕೆ ಅಮೆರಿಕದ ಪೆಟಕ್ಸೆಂಟ್ ವನ್ಯಜೀವಿ ಸಂಶೋಧನ ಕೇಂದ್ರದ ಲಡ್ಕಿ, ಹಿಲ್ ಮತ್ತು ಡೀಟರ್ 1975ರಲ್ಲಿ ಒಂದು ಸೂತ್ರ ಕೊಟ್ಟರು:

1. ಮೆದುಳಿನ ಕಿಣ್ವ ಸಾಮಾನ್ಯಕ್ಕಿಂತ ಶೇ. 20ಕ್ಕೂ ಹೆಚ್ಚು ಕುಗ್ಗಿದ್ದರೆ, ಹಕ್ಕಿಗೆ ಈ ಗುಂಪಿನ ವಿಷ ತಾಗಿದೆ ಎಂದು ತಿಳಿಯಬೇಕು.

2. ಸತ್ತ ಹಕ್ಕಿಯಲ್ಲಿ ಶೇ. 50ಕ್ಕೂ ಹೆಚ್ಚು ಕುಗ್ಗಿದ್ದರೆ, ಸಾವಿಗೆ ಈ ವಿಷವೇ ಕಾರಣವೆಂದು ನಿರ್ಧರಿಸಬಹುದು.

ಎರಡು ಗುಂಪುಗಳಲ್ಲಿ ಯಾವುದೆಂಬುದನ್ನು ತಿಳಿಯಲು ಇನ್ನೊಂದು ಪರೀಕ್ಷೆಯಿದೆ. ಅರೆದ ಮೆದುಳನ್ನು ಕೊಂಚ ಬೆಚ್ಚಗೆ ಇಟ್ಟಾಗ ಕಿಣ್ವ ತಾನಾಗಿಯೇ ಚೇತರಿಸಿಕೊಂಡರೆ ಅದು ಕಾರ್ಬಮೇಟ್‌ನ ಕೆಲಸ. ಪ್ರಾಲಿಡಾಕ್ಸಿಮ್ ಎಂಬ ಮದ್ದನ್ನು ಸೇರಿಸಿದಾಗ ಮಾತ್ರ ಚೇತರಿಸಿಕೊಂಡರೆ ಆರ್ಗನೋಫಾಸ್ಫರಸ್‌ನ ಕೆಲಸ.

ಬದುಕಿರುವ ಹಕ್ಕಿಯ ಮೆದುಳನ್ನು ತೆಗೆಯುವಂತಿಲ್ಲ. ಅಂತಹ ಹಕ್ಕಿಯನ್ನು ಹಿಡಿದು, ರೆಕ್ಕೆಯ ನರದಿಂದ ಸ್ವಲ್ಪ ರಕ್ತ ತೆಗೆದು, ಮತ್ತೆ ಹಾರಿಬಿಡುತ್ತಾರೆ. ಮನುಷ್ಯನ ರಕ್ತದ ಕೆಂಪು ಕಣಗಳಲ್ಲಿ ಈ ಕಿಣ್ವ ಸಾಕಷ್ಟಿದೆ. ಹಕ್ಕಿಗಳ ಕೆಂಪು ಕಣಗಳಲ್ಲಿ ಅದು ಇಲ್ಲವೆಂದೇ ಹೇಳಬಹುದು. ಆದ್ದರಿಂದ ಹಕ್ಕಿಗಳಲ್ಲಿ ರಕ್ತದ ತಿಳಿಭಾಗವಾದ ಪ್ಲಾಸ್ಮಾವನ್ನು ಪರೀಕ್ಷಿಸುತ್ತಾರೆ. ಪ್ಲಾಸ್ಮಾದ ಕಿಣ್ವ ಬಹು ಬೇಗ ಕುಗ್ಗಿ ಬಹು ಬೇಗ ಚೇತರಿಸಿಕೊಳ್ಳುವುದರಿಂದ ಅದು ಕಳೆದ ಕೆಲವು ದಿನಗಳ ಸುದ್ದಿಯನ್ನಷ್ಟೇ ಹೇಳುತ್ತದೆ.

ಸಾಯದ ಹಕ್ಕಿಗೂ ಹಾನಿ

ಹಕ್ಕಿ ಸಾಯದಿದ್ದರೆ ಹಾನಿಯಾಗಿಲ್ಲವೆಂದು ಭಾವಿಸುವುದು ಸರಿಯಲ್ಲ. ಅದೇ ನಗುವ ಗಲ್‌ಗಳ ಮೇಲೆ ಡಾನ್ ವೈಟ್ ಮತ್ತು ಸಹೋದ್ಯೋಗಿಗಳು ಮಾಡಿದ ಪ್ರಯೋಗವೊಂದು 1983ರಲ್ಲಿ ಪ್ರಕಟವಾಯಿತು. ಈ ಹಕ್ಕಿಗಳಲ್ಲಿ ಗಂಡು ಹೆಣ್ಣು ಎರಡೂ ಸರದಿಯ ಮೇಲೆ ಕಾವಿಗೆ ಕೂರುತ್ತವೆ. ಒಂಬತ್ತು ಗೂಡುಗಳಲ್ಲಿ ಜೋಡಿಯ ಒಂದೊಂದು ಹಕ್ಕಿಯನ್ನು ಹಿಡಿದು, ಕೆಲವಕ್ಕೆ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 6 ಮಿಲಿಗ್ರಾಂ ಪ್ಯಾರಾಥಿಯಾನ್ ಅನ್ನು ಜೋಳದ ಎಣ್ಣೆಯಲ್ಲಿ ಕುಡಿಸಿದರು. ಉಳಿದವಕ್ಕೆ ಬರೀ ಎಣ್ಣೆ ಕುಡಿಸಿದರು. ಗುರುತಿಗಾಗಿ ಕತ್ತಿಗೆ ಕೆಂಪು ಬಣ್ಣ ಹಚ್ಚಿ ಬಿಟ್ಟರು. ಆ ಪ್ರಮಾಣದಲ್ಲಿ ಮೆದುಳಿನ ಕಿಣ್ವ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಆದರೆ ಹೊರಗೆ ಯಾವ ಲಕ್ಷಣವೂ ಕಾಣುವುದಿಲ್ಲ ಎಂಬುದನ್ನು ಮೊದಲೇ ಪರೀಕ್ಷಿಸಿ ನೋಡಿದ್ದರು.

ಅನಂತರ ಮರೆಯಲ್ಲಿ ಕುಳಿತು ಎರಡೂವರೆ ದಿನ, ಹತ್ತು ಹತ್ತು ನಿಮಿಷಕ್ಕೊಮ್ಮೆ ಗೂಡುಗಳನ್ನು ನೋಡಿ ಬರೆದುಕೊಂಡರು. ಮೊದಲ ದಿನ ವ್ಯತ್ಯಾಸವಿರಲಿಲ್ಲ. ಎರಡನೆಯ ಮತ್ತು ಮೂರನೆಯ ದಿನ ವಿಷ ಕುಡಿದ ಹಕ್ಕಿಗಳು ಕಾವಿಗೆ ಕೂರುವ ಸಮಯ ಗಮನಾರ್ಹವಾಗಿ ಕಡಿಮೆಯಾಯಿತು. ಮೂರನೆಯ ದಿನ ಮಧ್ಯಾಹ್ನದ ವೇಳೆಗೆ ಅವು ಚೇತರಿಸಿಕೊಳ್ಳತೊಡಗಿದವು. ಗೂಡಿನಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಮೊಟ್ಟೆಗಳು ಕಾವಿಲ್ಲದೆ ಕೆಡಬಹುದು, ಬೇರೆ ಪ್ರಾಣಿಗಳ ಪಾಲಾಗಬಹುದು. ಕಾವಿಗೆ ಒಂದೇ ಹಕ್ಕಿ ಕೂರುವ ಜಾತಿಗಳಲ್ಲಿ ಅಥವಾ ಜೋಡಿಯ ಎರಡಕ್ಕೂ ವಿಷ ತಾಗಿದಾಗ ನಷ್ಟ ಇನ್ನೂ ಹೆಚ್ಚು.

ಈ ಪ್ರಯೋಗದ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಅರ್ಧದಷ್ಟು ಕಿಣ್ವವನ್ನು ಕಳೆದುಕೊಂಡ ಹಕ್ಕಿ ನೋಡುವವರ ಕಣ್ಣಿಗೆ ಆರೋಗ್ಯವಾಗಿಯೇ ಇತ್ತು. ಅಂತಹ ಸ್ಥಿತಿಯಲ್ಲಿ ಇನ್ನೊಮ್ಮೆ ಸ್ವಲ್ಪವೇ ವಿಷ ತಾಗಿದರೂ ಸಾಕು, ಅಪಾಯದ ಗೆರೆ ದಾಟುತ್ತದೆ.

ಪರೀಕ್ಷೆಯ ಮಿತಿಗಳು

ಈ ಪರೀಕ್ಷೆ ಎಲ್ಲ ಕೀಟನಾಶಕಗಳಿಗೂ ಅನ್ವಯಿಸುವುದಿಲ್ಲ. ಕಾಸರಗೋಡು ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಗೇರು ತೋಟಗಳಲ್ಲಿ ಸಿಂಪಡಿಸಿದ್ದ ಎಂಡೋಸಲ್ಫಾನ್ ಕ್ಲೋರಿನ್‌ಯುಕ್ತ ವಿಷ. ಅದು ನರಗಳನ್ನು ಬೇರೆ ದಾರಿಯಿಂದ ಕೆಡಿಸುತ್ತದೆ. ಕೋಲಿನೆಸ್ಟರೇಸ್ ಕುಗ್ಗಿಲ್ಲವೆಂದ ಮಾತ್ರಕ್ಕೆ ಎಂಡೋಸಲ್ಫಾನ್ ತಾಗಿಲ್ಲವೆಂದು ಹೇಳುವಂತಿಲ್ಲ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದರ ಮಾರಾಟ, ಬಳಕೆಗಳನ್ನು ತಡೆಯಿತು. ಸಿಂಥೆಟಿಕ್ ಪೈರೆಥ್ರಾಯಿಡ್‌ಗಳನ್ನೂ ಇಮಿಡಾಕ್ಲೋಪ್ರಿಡ್‌ನಂತಹ ಔಷಧಗಳನ್ನೂ ಈ ಪರೀಕ್ಷೆ ಹಿಡಿಯಲಾರದು.

ಮರಿಗಳ ಕಿಣ್ವ ವಯಸ್ಸಿನೊಂದಿಗೆ ಏರುತ್ತಾ ಹೋಗುತ್ತದೆ. ಎಳೆಯ ಮರಿಯನ್ನು ದೊಡ್ಡ ಹಕ್ಕಿಗೆ ಹೋಲಿಸಿದರೆ ಇಲ್ಲದ ವಿಷ ಇದೆಯೆಂದು ತೋರುತ್ತದೆ. ಕಾರ್ಬಮೇಟ್‌ನಿಂದ ಸತ್ತ ಹಕ್ಕಿ ಬಿಸಿಲಿನಲ್ಲಿ ಬಿದ್ದಿದ್ದರೆ ಕಿಣ್ವ ಮತ್ತೆ ಬಿಡಿಸಿಕೊಂಡು, ಇದ್ದ ವಿಷ ಇಲ್ಲವೆಂದು ತೋರಬಹುದು. ಬೇರೆ ಕಾರಣಗಳಿಂದಲೂ ಕಿಣ್ವ ಇಳಿಯುವುದುಂಟು. 2002ರ ನವೆಂಬರಿನಲ್ಲಿ ‘ಪ್ರೆಸ್ಟೀಜ್’ ಎಂಬ ಹಡಗು ಮುಳುಗಿ ಸ್ಪೇನ್ ದೇಶದ ಗೆಲಿಸಿಯಾ ತೀರಕ್ಕೆ ಎಣ್ಣೆ ಹರಡಿತು. ಎಣ್ಣೆ ಮೆತ್ತಿದ ಕಡಲಕ್ಕಿಗಳ ಮೆದುಳಿನಲ್ಲಿಯೂ ಈ ಕಿಣ್ವ ಕುಗ್ಗಿದ್ದುದು ಕಂಡುಬಂದಿದೆ. ಆದ್ದರಿಂದ ಕಿಣ್ವದ ಅಳತೆಯೊಂದನ್ನೇ ನೆಚ್ಚದೆ, ಹೊಟ್ಟೆಯಲ್ಲಿನ ಆಹಾರದ ಪರೀಕ್ಷೆ, ಸುತ್ತಲಿನ ಸಿಂಪರಣೆಯ ವಿವರ, ಹಕ್ಕಿ ಸತ್ತ ರೀತಿ ಇವೆಲ್ಲವನ್ನೂ ಕೂಡಿಸಿ ತೀರ್ಮಾನಕ್ಕೆ ಬರಬೇಕು.

ನಮ್ಮ ಹೊಲಗಳ ಹಕ್ಕಿಗಳು

ಹತ್ತಿ ಹೊಲದಲ್ಲಿ ನಡೆದದ್ದು ಭತ್ತದ ಗದ್ದೆಯಲ್ಲಿಯೂ ತೊಗರಿ ಹೊಲದಲ್ಲಿಯೂ ನಡೆಯಬಹುದು. ಬೆಳ್ಳಕ್ಕಿ, ಗೊರವಂಕ, ಕಾಗೆ, ನವಿಲು ಇವೆಲ್ಲ ಹೊಲದ ಹುಳುಗಳನ್ನು ಹೆಕ್ಕುವ ಹಕ್ಕಿಗಳು. ರೈತನಿಗೆ ಕೂಲಿಯಿಲ್ಲದೆ ದುಡಿಯುವಂಥವು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಬೇಸಾಯದ ನಡುವೆ ಗುಂಪಾಗಿ ಬಾಳುವ ಇಂತಹ ಹಕ್ಕಿಗಳಿಂದ ಸುತ್ತಲಿನ ಕೆರೆ, ಕಾಲುವೆ, ಗದ್ದೆಗಳ ಸ್ಥಿತಿಯನ್ನು ತಿಳಿಯಬಹುದು.

ಮೊನೊಕ್ರೊಟೊಫಾಸ್ ಹಕ್ಕಿಗಳಿಗೆ ಎಷ್ಟು ಘೋರವಾದ ವಿಷವೆಂಬುದು ಅರ್ಜೆಂಟೀನಾದಲ್ಲಿ ತಿಳಿಯಿತು. ಅಲ್ಲಿ 1995-96ರ ಬೇಸಿಗೆಯಲ್ಲಿ ಮಿಡತೆಗಳಿಗೆ ಈ ಔಷಧ ಸಿಂಪಡಿಸಿದಾಗ, ಮಿಡತೆ ತಿನ್ನುವ ಸ್ವೈನ್ಸನ್ ಗಿಡುಗಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತವು. ಒಟ್ಟು ಸುಮಾರು 20,000 ಗಿಡುಗಗಳು ಸತ್ತಿರಬೇಕೆಂದು ಅಂದಾಜು ಮಾಡಲಾಯಿತು. ಭಾರತದಲ್ಲಿ ತರಕಾರಿ ಬೆಳೆಗಳ ಮೇಲೆ ಇದರ ಬಳಕೆಯನ್ನು 2005ರಲ್ಲಿಯೇ ನಿಷೇಧಿಸಲಾಗಿತ್ತು. ಶೇ. 36ರ ದ್ರಾವಣ ರೂಪದ ಮೊನೊಕ್ರೊಟೊಫಾಸ್ ಮತ್ತು ಮೆಥೊಮಿಲ್‌ಗಳ ಮೇಲೆ ಕೇಂದ್ರ ಸರ್ಕಾರ 2023ರಲ್ಲಿ ನಿಷೇಧದ ಆಜ್ಞೆ ಹೊರಡಿಸಿತು. 2018ರ ಆಜ್ಞೆಯಲ್ಲಿ ಮಿಥೈಲ್ ಪ್ಯಾರಾಥಿಯಾನ್, ಕಾರ್ಬಾರಿಲ್, ಫೆಂಥಿಯಾನ್, ಡಯಾಜಿನಾನ್ ಮೊದಲಾದವು ನಿಷೇಧಗೊಂಡವು. ಫೋರೇಟ್, ಫಾಸ್ಫಾಮಿಡಾನ್, ಡೈಕ್ಲೋರ್‌ವಾಸ್, ಟ್ರಯಜೋಫಾಸ್‌ಗಳ ಬಳಕೆ 2020ರ ಕೊನೆಗೆ ನಿಂತಿತು. ಹಳೆಯ ದಾಸ್ತಾನು ಮನೆಯಲ್ಲಿದ್ದರೆ ಅದನ್ನು ಬಳಸತಕ್ಕದ್ದಲ್ಲ. ಔಷಧ ಕೊಳ್ಳುವ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸುವುದು ಒಳ್ಳೆಯದು.

ಸಿಂಪರಣೆಯಾದ ಮೇಲೆ ಹಕ್ಕಿಗಳು ಸತ್ತದ್ದು ಅಥವಾ ನಡುಗುತ್ತಿರುವುದು ಕಂಡುಬಂದರೆ ಹೀಗೆ ಮಾಡಬೇಕು:

1. ಬರಿಗೈಯಿಂದ ಮುಟ್ಟಬಾರದು. ಮಕ್ಕಳು, ನಾಯಿಗಳು ಹತ್ತಿರ ಹೋಗದಂತೆ ನೋಡಿಕೊಳ್ಳಬೇಕು. ಅಂತಹ ಹಕ್ಕಿಯನ್ನು ಎಂದಿಗೂ ಆಹಾರಕ್ಕೆ ಬಳಸಬಾರದು.

2. ಅರಣ್ಯ ಇಲಾಖೆಗೂ ಪಶುವೈದ್ಯರಿಗೂ ಕೂಡಲೇ ತಿಳಿಸಬೇಕು. ನವಿಲು ಮೊದಲಾದ ಹಕ್ಕಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿರುವುದರಿಂದ ಕಳೇಬರವನ್ನು ತಾವಾಗಿಯೇ ಸಾಗಿಸಬಾರದು.

3. ಅಧಿಕಾರಿಗಳು ಬರುವವರೆಗೆ ಕಳೇಬರದ ಮೇಲೆ ನೆರಳು ಬೀಳುವಂತೆ ಮಾಡಬೇಕು. ಪರೀಕ್ಷೆಗೆ ಕಳುಹಿಸುವವರು ಅದನ್ನು ಪಾಲಿಥಿನ್ ಚೀಲದಲ್ಲಿ ಸುತ್ತಿ ಮಂಜುಗಡ್ಡೆಯಲ್ಲಿಟ್ಟು ಬೇಗ ತಲುಪಿಸಬೇಕು. ಬಿಸಿಲಿಗೆ ಕೊಳೆತ ಮೆದುಳಿನಿಂದ ಪ್ರಯೋಜನವಿಲ್ಲ.

4. ದಿನಾಂಕ, ಜಾಗ, ಹಕ್ಕಿಗಳ ಜಾತಿ ಮತ್ತು ಸಂಖ್ಯೆ, ಹತ್ತಿರದ ಹೊಲಗಳಲ್ಲಿ ಹೊಡೆದ ಔಷಧದ ಹೆಸರು, ಹೊಡೆದ ದಿನ ಇವನ್ನು ವಿಸ್ತರಣಾ ಕಾರ್ಯಕರ್ತರು ಬರೆದಿಟ್ಟುಕೊಳ್ಳಬೇಕು.

ರೈತನ ರಕ್ತದಲ್ಲಿಯೂ ಅದೇ ಲೆಕ್ಕ

ಹಕ್ಕಿಯು ವಿಷ ತಾಗಿದ ಹುಳುವನ್ನು ತಿಂದು ವಿಷವನ್ನು ಪಡೆಯುತ್ತದೆ. ಸಿಂಪರಣೆ ಮಾಡುವವನು ಚರ್ಮದಿಂದ, ಉಸಿರಿನಿಂದ, ಕೈ ತೊಳೆಯದೆ ತಿನ್ನುವ ರೊಟ್ಟಿಯಿಂದ, ಸೇದುವ ಬೀಡಿಯಿಂದ ಪಡೆಯುತ್ತಾನೆ. ಒಂದು ದಿನದ ಕೆಲಸದಲ್ಲಿ ಕಿಣ್ವ ಸ್ವಲ್ಪ ಇಳಿಯುತ್ತದೆ. ಅದು ಪೂರ್ತಿ ಚೇತರಿಸಿಕೊಳ್ಳುವ ಮೊದಲೇ ಮತ್ತೊಂದು ಹೊಲಕ್ಕೆ, ಮತ್ತೊಬ್ಬರ ಕೂಲಿಗೆ ಹೊಡೆಯಲು ಹೋದರೆ ಇನ್ನಷ್ಟು ಇಳಿಯುತ್ತದೆ. ಮೆಲ್ಲಮೆಲ್ಲನೆ ಇಳಿದಾಗ ಹೊರಗೆ ಏನೂ ತಿಳಿಯದು. ಪ್ರತಿ ವರ್ಷ ಹೊಡೆಯುತ್ತಿದ್ದೇನೆ, ಏನೂ ಆಗಿಲ್ಲ ಎನ್ನುವವರ ಧೈರ್ಯಕ್ಕೆ ಆಧಾರವಿಲ್ಲವೆಂದು ಹೇಳುವುದು ಇದಕ್ಕಾಗಿಯೇ. ಕೆಂಪು ಕಣಗಳಲ್ಲಿನ ಕಿಣ್ವವು ಹೊಸ ಕಣಗಳು ಹುಟ್ಟಿದಂತೆ ಮಾತ್ರ ಮರಳುತ್ತದೆ. ಕಣಗಳ ಆಯುಷ್ಯ ಸುಮಾರು 120 ದಿನಗಳಾದ್ದರಿಂದ ಪೂರ್ತಿ ಮರಳಲು ಮೂರು ನಾಲ್ಕು ತಿಂಗಳುಗಳೇ ಬೇಕಾಗಬಹುದು.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಇಂತಹ ಔಷಧಗಳನ್ನು ನಿರಂತರವಾಗಿ ಬಳಸುವ ಕೆಲಸಗಾರರ ರಕ್ತಪರೀಕ್ಷೆಯನ್ನು 1974ರಿಂದ ಕಡ್ಡಾಯ ಮಾಡಲಾಗಿದೆ. ಔಷಧವನ್ನು ಮುಟ್ಟದೆ ಕನಿಷ್ಠ 30 ದಿನ ಕಳೆದ ಮೇಲೆ ಮೊದಲ ಪರೀಕ್ಷೆ ಮಾಡಿ, ಅದನ್ನೇ ಆ ವ್ಯಕ್ತಿಯ ಮೂಲ ಅಳತೆಯೆಂದು ಇಟ್ಟುಕೊಳ್ಳುತ್ತಾರೆ. ಅಳತೆಯು ಅದರ ಶೇ. 80ಕ್ಕಿಂತ ಕೆಳಗಿಳಿದರೆ ಕೆಲಸದ ರೀತಿಯಲ್ಲಿ ಎಲ್ಲಿ ಲೋಪವಿದೆಯೆಂದು ಪರಿಶೀಲಿಸಬೇಕು. ಕೆಂಪು ಕಣಗಳಲ್ಲಿ ಶೇ. 70ಕ್ಕೆ ಅಥವಾ ಪ್ಲಾಸ್ಮಾದಲ್ಲಿ ಶೇ. 60ಕ್ಕೆ ಇಳಿದರೆ ಆತನನ್ನು ಔಷಧದ ಕೆಲಸದಿಂದ ಬಿಡಿಸಬೇಕು, ಮತ್ತೆ ಶೇ. 80ಕ್ಕೆ ಏರಿದ ಮೇಲೆಯೇ ಸೇರಿಸಿಕೊಳ್ಳಬೇಕು.

ಮೂಲ ಅಳತೆ ಏಕೆ ಬೇಕೆಂದರೆ, ಆರೋಗ್ಯವಂತರಲ್ಲಿಯೂ ಈ ಕಿಣ್ವದ ಪ್ರಮಾಣ ಒಬ್ಬರಿಗಿಂತ ಒಬ್ಬರಲ್ಲಿ ಬಹಳ ವ್ಯತ್ಯಾಸವಾಗುತ್ತದೆ. ಕೆಲವರಲ್ಲಿ ಪ್ಲಾಸ್ಮಾದ ಕಿಣ್ವ ಹುಟ್ಟಿನಿಂದಲೇ ಕಡಿಮೆ. ಯಕೃತ್ತಿನ ಕಾಯಿಲೆ, ಅಪೌಷ್ಟಿಕತೆ, ಗರ್ಭಾವಸ್ಥೆಗಳಲ್ಲಿಯೂ ಇಳಿಯುತ್ತದೆ. ಹಕ್ಕಿಗಳಿಗೆ ಅದೇ ಜಾತಿಯ ಇತರ ಹಕ್ಕಿಗಳ ಸರಾಸರಿಯನ್ನು ಹೋಲಿಕೆಗೆ ಇಟ್ಟುಕೊಳ್ಳುವಂತೆ, ಮನುಷ್ಯನಿಗೆ ಅವನದೇ ಮೂಲ ಅಳತೆ ಒಳ್ಳೆಯ ಹೋಲಿಕೆ. ಹಂಗಾಮಿನುದ್ದಕ್ಕೂ ಸಿಂಪರಣೆ ಮಾಡುವವರು ಹಂಗಾಮು ಆರಂಭವಾಗುವ ಮೊದಲು ಒಮ್ಮೆ, ಮಧ್ಯದಲ್ಲಿ ಒಮ್ಮೆ ಈ ಪರೀಕ್ಷೆ ಮಾಡಿಸಿಕೊಂಡು ಚೀಟಿಯನ್ನು ಜೋಪಾನವಾಗಿಟ್ಟುಕೊಳ್ಳುವುದು ಹಿತ. ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮತ್ತು ದೊಡ್ಡ ಪ್ರಯೋಗಶಾಲೆಗಳಲ್ಲಿ ಈ ಪರೀಕ್ಷೆಗೆ ಅನುಕೂಲವಿದೆ.

ತಲೆನೋವು, ತಲೆಸುತ್ತು, ಅತಿಯಾದ ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜಾಗುವುದು, ವಾಂತಿ, ಹೊಟ್ಟೆ ನುಲಿತ, ಸ್ನಾಯುಗಳು ಅದುರುವುದು ಇವು ವಿಷಬಾಧೆಯ ಲಕ್ಷಣಗಳು. ಹೀಗಾದಾಗ ಕೆಲಸ ನಿಲ್ಲಿಸಿ, ಬಟ್ಟೆ ತೆಗೆದು, ಮೈಯನ್ನು ಸೋಪು ನೀರಿನಿಂದ ತೊಳೆದು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಔಷಧದ ಡಬ್ಬಿಯ ಚೀಟಿಯನ್ನು ಜೊತೆಯಲ್ಲಿ ತೆಗೆದುಕೊಂಡು ಹೋಗಬೇಕು. ವೈದ್ಯರು ಅಟ್ರೋಪಿನ್ ಚುಚ್ಚುಮದ್ದು ಕೊಡುತ್ತಾರೆ. ಆರ್ಗನೋಫಾಸ್ಫರಸ್ ವಿಷವಾಗಿದ್ದರೆ, ಅಗತ್ಯ ಕಂಡಂತೆ, ಕಿಣ್ವದ ಗಂಟನ್ನು ಬಿಡಿಸುವ ಪ್ರಾಲಿಡಾಕ್ಸಿಮ್ ಅನ್ನೂ ಕೊಡುತ್ತಾರೆ. ಗಂಟು ಬಿಗಿಯುವ ಮೊದಲೇ ಕೊಟ್ಟರೆ ಮಾತ್ರ ಅದರಿಂದ ಫಲ. ಆದ್ದರಿಂದ ಮನೆಮದ್ದಿನಲ್ಲಿ ಹೊತ್ತು ಕಳೆಯಬಾರದು.

ನೆನಪಿನಲ್ಲಿಡಬೇಕಾದ ಅಂಶಗಳು

1. ಕೀಟದ ಹಾವಳಿ ಆರ್ಥಿಕ ನಷ್ಟದ ಮಟ್ಟ ಮುಟ್ಟಿದಾಗ ಮಾತ್ರ, ಶಿಫಾರಸು ಮಾಡಿದ ಪ್ರಮಾಣದಲ್ಲಿ ಔಷಧ ಹೊಡೆಯಬೇಕು.

2. ಡಬ್ಬಿಯ ಮೇಲಿನ ಬಣ್ಣದ ಗುರುತನ್ನು ನೋಡಬೇಕು. ಕೆಂಪು ಅತ್ಯಂತ ವಿಷಕಾರಿ. ಅನಂತರ ಹಳದಿ, ನೀಲಿ, ಹಸಿರು. ಸಾಧ್ಯವಿದ್ದಲ್ಲಿ ಕಡಿಮೆ ವಿಷದ್ದನ್ನೇ ಆರಿಸಬೇಕು.

3. ಹಕ್ಕಿಗಳು ಗೂಡು ಕಟ್ಟುವ ಮರ, ಕೆರೆ, ಕಾಲುವೆಗಳ ಅಂಚಿನಲ್ಲಿ ಸಿಂಪರಣೆ ಮಾಡಬಾರದು. ಗಾಳಿಗೆ ಎದುರಾಗಿ ನಿಂತು ಹೊಡೆಯಬಾರದು.

4. ಕೈಗವಸು, ಮುಖಕ್ಕೆ ಮುಸುಕು, ತುಂಬುತೋಳಿನ ಅಂಗಿ ತೊಡಬೇಕು. ಕೆಲಸ ಮುಗಿದ ಮೇಲೆ ಸ್ನಾನ ಮಾಡಿ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು.

5. ಒಬ್ಬನೇ ವ್ಯಕ್ತಿ ದಿನದಿನವೂ ಸಿಂಪರಣೆ ಮಾಡದೆ, ಸರದಿಯ ಮೇಲೆ ಮಾಡಿ, ಕಿಣ್ವ ಚೇತರಿಸಿಕೊಳ್ಳಲು ಅವಕಾಶ ಕೊಡಬೇಕು.

6. ಸಿಂಪರಣೆಯಾದ ಹೊಲದ ಬಳಿ ಹಕ್ಕಿಗಳು ಸತ್ತರೆ ಅದನ್ನು ಕಡೆಗಣಿಸದೆ, ಅಂದು ಔಷಧ ಹೊಡೆದವರ ಆರೋಗ್ಯವನ್ನೂ ವಿಚಾರಿಸಬೇಕು.